ಎಡಗಾಲಿನ ಅಚ್ಚು

ಜನವರಿ ೯

ಅಪ್ಪ,

ಈ ಕಾಗದ ಓದುವ ಮೊದಲು ಕೈಯಲ್ಲಿರುವ ಸುತ್ತಿಗೆ ಕೆಳಗಿಡಿ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರೆ ಅದನ್ನೂ ತೆಗೆದಿಡಿ. ಇಟ್ಟಿರಾ? ಸರಿ.

ನಾನು ಈ ವರ್ಷ ಬೆಟ್ಟದ ಸನ್ನಿಧಿಗೆ ನಡೆದು ಹೋಗುತ್ತೇನೆ. ಅರ್ಧ ದಾರಿ ಬಸ್ಸು, ಅರ್ಧ ದಾರಿ ಭಕ್ತಿ ಅಂತ ಹೋಗುವವರ ಹಾಗಲ್ಲ. ನದಿಯ ದಡದಲ್ಲಿ ಯಾತ್ರೆಯ ದಾರಿ ಶುರುವಾಗುವ ಕಲ್ಲುಕಂಬದಿಂದ ಹಿಡಿದು ಬೆಟ್ಟದ ತುದಿಯವರೆಗೆ, ಪೂರ್ತಿ, ನನ್ನ ಈ ಎರಡು ಕಾಲುಗಳ ಮೇಲೆ. ಅಕ್ಟೋಬರಿನಲ್ಲಿ ದಾರಿ ತೆರೆಯುತ್ತದೆ. ಎಲ್ಲರಿಗೂ ಒಂದು ತಿಂಗಳು ಹಿಡಿಯುತ್ತದಂತೆ. ನನಗೆ ಇನ್ನೊಂದು ವಾರ ಹೆಚ್ಚು ಹಿಡಿದರೂ ಅವಸರವೇನಿಲ್ಲ, ದೇವರು ಎಲ್ಲಿಗೂ ಹೋಗುವುದಿಲ್ಲ.

ಗೋಡೆಯ ಮೇಲೆ ಬೋರ್ಡು ಬರೆಯುತ್ತಿದ್ದಾಗ ಸಾರುವೆ ಮುರಿದು ನಾನು ಕೆಳಗೆ ಬಿದ್ದು ಎರಡು ವರ್ಷವಾಗುತ್ತ ಬಂತು. ಎಡಗಾಲು ಒಂದು ಬೆರಳಷ್ಟು ಗಿಡ್ಡವಾಗಿದೆ, ಅದು ನಿಮಗೂ ಗೊತ್ತು. ಕುಂಟುತ್ತೇನೆ, ಅದೂ ಗೊತ್ತು. ಆದರೆ ನಡೆಯುತ್ತೇನೆ. ಬಾಡಿಗೆ ಮನೆಯಿಂದ ವರ್ಕ್‌ಶಾಪಿಗೆ ಈಗ ಬಸ್ಸು ಹತ್ತುವುದನ್ನು ಬಿಟ್ಟಿದ್ದೇನೆ. ಭಾನುವಾರ ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಇಳಿಯುತ್ತೇನೆ. ಮೊದಲ ದಿನ ದಿಬ್ಬದ ಮೇಲೆ ಕುಳಿತು ಅತ್ತೆ. ಈಗ ಅಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತೇನೆ.

ಫೋನು ಮಾಡಬಹುದಿತ್ತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಎರಡನೇ ಮಾತಿಗೆ ಜಗಳ, ಮೂರನೇ ಮಾತಿಗೆ ಫೋನು ಅಮ್ಮನ ಕೈಗೆ. ಕಾಗದದಲ್ಲಾದರೆ ನೀವು ಬೈದದ್ದು ನನಗೆ ತಲುಪುವಷ್ಟರಲ್ಲಿ ಸ್ವಲ್ಪ ಆರಿರುತ್ತದೆ.

ಕೇಳಬೇಕಾದದ್ದು ಇಷ್ಟು: ನನಗೊಂದು ಜೊತೆ ಬೂಟು ಹೊಲಿದು ಕೊಡಿ.

ಇಂತಿ,
ನಿಮ್ಮ ಮಗಳು


ಜನವರಿ ೨೧

ಮಗಳೇ,

ಸುತ್ತಿಗೆ ಕೆಳಗಿಟ್ಟೇ ಓದಿದೆ. ಓದಿದ ಮೇಲೆ ಎತ್ತಿಕೊಂಡೆ.

ನಿನಗೆ ತಲೆ ಕೆಟ್ಟಿದೆಯೇ? ಡಾಕ್ಟರು ನನ್ನೆದುರಿಗೇ ಹೇಳಿದ್ದರು, "ಮನೆಯೊಳಗೆ ಓಡಾಡಿಕೊಂಡಿದ್ರೆ ಅದೇ ದೊಡ್ಡದು" ಅಂತ. ಅಷ್ಟು ಹೇಳಿಸಿಕೊಂಡವಳು ಮನೆಯಲ್ಲಿ ನಿಲ್ಲಲಿಲ್ಲ, ಕೆಲಸಕ್ಕೆ ಅಂತ ಆ ಊರಿಗೆ ವಾಪಸು ಓಡಿದೆ. ಆಗಲೂ ನಾನು ಬೇಡ ಎಂದೆ. ನನ್ನ ಮಾತಿಗೆ ಈ ಮನೆಯಲ್ಲಿ ಎಷ್ಟು ಬೆಲೆ ಅಂತ ಅವತ್ತೇ ಗೊತ್ತಾಯಿತು.

ಆ ದಾರಿಗೆ ನಲವತ್ತು ವರ್ಷದಿಂದ ಬೂಟು ಹೊಲಿದು ಕೊಡುತ್ತಿದ್ದೇನೆ. ದಾರಿಯನ್ನು ಕಣ್ಣಿಂದ ಕಂಡಿಲ್ಲ, ನಿಜ. ಈ ಹಂಗಾಮು ಮುಗಿಯಲಿ, ಮುಂದಿನ ಹಂಗಾಮು ಮುಗಿಯಲಿ ಎನ್ನುತ್ತಲೇ ತಲೆ ಬೆಳ್ಳಗಾಯಿತು. ಆದರೆ ಹೋಗಿ ಬಂದವರು ರಿಪೇರಿಗೆ ತಂದ ಬೂಟಿನ ಅಟ್ಟೆ ನೋಡಿದರೆ ನನಗೆ ಇಡೀ ದಾರಿ ಕಾಣುತ್ತದೆ. ಮೊದಲು ಕೆಂಪು ಮಣ್ಣು, ಹೊಲಿಗೆಯ ಸಂದಿಯಲ್ಲೆಲ್ಲ ಕೂರುತ್ತದೆ. ಆಮೇಲೆ ಚೂಪು ಜಲ್ಲಿ. ಅದಾದ ಮೇಲೆ ಒಂದು ಬಂಡೆಯ ಇಳಿಜಾರು. ಅಲ್ಲಿ ಗಟ್ಟಿಮುಟ್ಟು ಗಂಡಸರ ಬೂಟಿನ ಹಿಮ್ಮಡಿಯೇ ಕಿತ್ತು ಬಂದದ್ದನ್ನು ನೋಡಿದ್ದೇನೆ. ಎರಡೂ ಕಾಲು ನೆಟ್ಟಗಿರುವವರ ಕಥೆಯೇ ಹೀಗೆ.

ಬೂಟು ಹೊಲಿಯಲು ಚರ್ಮವೂ ಇಲ್ಲ. ಇನ್ನೂ ಬಂದಿಲ್ಲ.

ಅಪ್ಪ

ಬುಗುರಿ, ಚರ್ಮ ಹೋದ ವಾರವೇ ಬಂದಿದೆ. ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. ನಿನಗೆ ಗೊತ್ತಿರಲಿ ಅಂತ ಬರೆದೆ, ನಾನು ಯಾರ ಪಕ್ಷವೂ ಅಲ್ಲ. ಲಕೋಟೆ ಅಂಟಿಸುವ ಕೆಲಸ ಮಾತ್ರ ನನ್ನದು. — ಅಮ್ಮ


ಫೆಬ್ರವರಿ ೧೧

ಅಪ್ಪ,

ಬೈಗುಳ ತಲುಪಿತು. ಇನ್ನೂ ಬಿಸಿಯಾಗಿಯೇ ಇತ್ತು.

ಇಲ್ಲಿ ನನ್ನ ದಿನ ಹೇಗೆ ಹೋಗುತ್ತದೆ ಹೇಳಲೇ? ಮೇಸ್ತ್ರಿ ನನಗೊಂದು ಸ್ಟೂಲು ಕೊಟ್ಟಿದ್ದಾರೆ, ಅದಕ್ಕೆ ಮೆತ್ತೆ ಬೇರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮೇಲೆ ಕುಳಿತು ಗಾಡಿಗಳ ನಂಬರ್ ಪ್ಲೇಟು ಬರೆಯುತ್ತೇನೆ. ಮೂರಂತಸ್ತಿನ ಗೋಡೆಯ ಮೇಲೆ ನನಗಿಂತ ಎತ್ತರದ ಅಕ್ಷರ ಬರೆಯುತ್ತಿದ್ದ ಕೈ ಇದು. ಮೊದಲೆಲ್ಲ "ಏಯ್, ಆ ಹಳದಿ ಡಬ್ಬ ಎತ್ಕೊಂಡು ಬಾರೆ" ಅಂತ ಕೂಗುತ್ತಿದ್ದವರು ಈಗ ತಾವೇ ಎದ್ದು ಹೋಗಿ ತಂದುಕೊಳ್ಳುತ್ತಾರೆ. ಯಾರೂ ನನ್ನ ಜೊತೆ ಜಗಳವಾಡುವುದಿಲ್ಲ. ಎಲ್ಲರಿಗೂ ನನ್ನ ಮೇಲೆ ಪಾಪ ಅನ್ನಿಸುತ್ತದೆ. ನನಗೆ ಕಾಲಿಗಿಂತ ಅದೇ ಹೆಚ್ಚು ನೋಯುತ್ತದೆ.

ನೀವೂ ಹಾಗೇ ಆಗಿಬಿಟ್ಟಿರಿ. ಒಂದು ಕಡೆ ಕೂರದೆ ಅಂಗಡಿ ತುಂಬ ಸುತ್ತುತ್ತಾಳೆ ಅಂತ ನನಗೆ ಬುಗುರಿ ಎಂದು ಹೆಸರಿಟ್ಟವರು ನೀವು. ಬಿದ್ದ ದಿನದಿಂದ ಆ ಹೆಸರು ನಿಮ್ಮ ಬಾಯಲ್ಲಿ ಬಂದಿಲ್ಲ. ಅಮ್ಮ ಇನ್ನೂ ಕರೆಯುತ್ತಾಳೆ.

ಆಸ್ಪತ್ರೆಯಲ್ಲಿ ನಾನು ಹರಕೆಯನ್ನೇನೂ ಹೊತ್ತಿರಲಿಲ್ಲ. ಕಾಲು ಸರಿಮಾಡು ಅಂತಲೂ ಕೇಳಲಿಲ್ಲ. ಮಲಗಿದ್ದಲ್ಲೇ ಇಷ್ಟು ಹೇಳಿದ್ದೆ: "ಉಳಿಸಿದ್ದೀಯ, ಸರಿ. ಉಳಿದದ್ದನ್ನ ನಡೆಸಿಕೊಂಡು ನಿನ್ನ ಬಾಗಿಲಿಗೆ ಬರ್ತೀನಿ. ತೆರೆದಿಟ್ಕೊಂಡಿರು." ಮಾತು ಕೊಟ್ಟ ಮೇಲೆ ಹೋಗದಿದ್ದರೆ ಹೇಗೆ? ನಿಮ್ಮ ಮಗಳಲ್ಲವೇ ನಾನು, ಒಪ್ಪಿಕೊಂಡ ಕೆಲಸವನ್ನು ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗಿದೆ?

ಚರ್ಮ ಬಂದಿಲ್ಲದಿದ್ದರೆ ಪರವಾಗಿಲ್ಲ. ಇಲ್ಲಿ ದೊಡ್ಡ ರಸ್ತೆಯಲ್ಲಿ ಹೊಸ ಅಂಗಡಿ ತೆರೆದಿದೆ. ಕಾರ್ಖಾನೆಯ ಬೂಟು, ಬಣ್ಣ ಬಣ್ಣದ್ದು. ನೋಡಲು ಚೆನ್ನಾಗಿಯೇ ಇವೆ.

ನಿಮ್ಮ ಮಗಳು


ಮಾರ್ಚ್ ೧೮

ಮಗಳೇ,

ಅಂಗಡಿಯ ಬೂಟು! ಅಂಟು ಬಳಿದು ಒತ್ತಿ ಪೆಟ್ಟಿಗೆಗೆ ತುಂಬಿದ ಬೂಟು! ಅದೂ ನನ್ನ ಮಗಳ ಕಾಲಿಗೆ! ಈ ಬೀದಿಯಲ್ಲಿ ನಾನು ತಲೆ ಎತ್ತಿ ಓಡಾಡಬೇಕೋ ಬೇಡವೋ?

ಪಾರ್ಸೆಲ್ ಕಳಿಸಿದ್ದೇನೆ. ನಿನ್ನ ಯಾತ್ರೆಗೆ ನಾನು ಒಪ್ಪಿದೆ ಎಂದು ಇದರ ಅರ್ಥವಲ್ಲ. ಅಂಗಡಿಯ ಬೂಟಿಗೆ ಒಪ್ಪಲಾರೆ, ಅಷ್ಟೇ.

ಮೇಲ್ಭಾಗವನ್ನು ನಿಮ್ಮಮ್ಮ ಮೆಷಿನ್ನಿನಲ್ಲಿ ಹೊಲಿದಿದ್ದಾಳೆ, ಅಟ್ಟೆಯ ಹೊಲಿಗೆ ನನ್ನದು, ಕೈಯದು, ಮೇಣದ ದಾರ. ಎಡದ ಅಟ್ಟೆಗೆ ಡಾಕ್ಟರು ಹೇಳಿದಷ್ಟು ದಪ್ಪ ಸೇರಿಸಿದ್ದೇನೆ, ಒಳಗಿನಿಂದ, ನೋಡಿದವರಿಗೆ ಗೊತ್ತೇ ಆಗದ ಹಾಗೆ. ಅಳತೆ ಕೇಳಲಿಲ್ಲವಲ್ಲ ಎಂದುಕೊಳ್ಳಬೇಡ. ನಿನ್ನ ಕಾಲಿನ ಮರದ ಅಚ್ಚು ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ. ನೀನು ಮೊದಲ ಸಲ ಕೆಲಸಕ್ಕೆ ಹೊರಟಾಗ ನಾನೇ ಕೆತ್ತಿದ್ದು. ಅದರ ಮೇಲೆ ಕಟ್ಟಿದ ಬೂಟು ನಿನ್ನ ಕಾಲಿಗೆ ಚರ್ಮದ ಮೇಲೆ ಚರ್ಮ ಕೂತಂತೆ ಕೂರಬೇಕು.

ಮೊದಲು ಮನೆಯೊಳಗೆ ಹಾಕಿಕೊಂಡು ಓಡಾಡು. ದಪ್ಪ ಕಾಲುಚೀಲ ಹಾಕು. ಎಣ್ಣೆ ಸವರು, ಬಿಸಿಲಿಗಿಡಬೇಡ.

ಅಪ್ಪ


ಏಪ್ರಿಲ್ ೧೦

ಅಪ್ಪ,

ಇಷ್ಟು ಚೆಂದದ ಬೂಟನ್ನು ನನ್ನ ಜನ್ಮದಲ್ಲಿ ಹಾಕಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರೂ ಕೈಗೆತ್ತಿಕೊಂಡು, ತಿರುಗಿಸಿ, ಮೂಸಿ ನೋಡಿದರು. ಮೇಸ್ತ್ರಿ ಹೊಲಿಗೆಯ ಮೇಲೆ ಉಗುರು ಎಳೆದು "ನಿಮ್ಮಪ್ಪನ ಕೈ ಕಣಮ್ಮ ಕೈ ಅಂದ್ರೆ" ಎಂದರು.

ಬಲಗಾಲು ಒಳಗೆ ಹೋದದ್ದೇ ನಿದ್ದೆ ಹೋಯಿತು, ಅಷ್ಟು ಸುಖ.

ಎಡದ್ದು ಕಚ್ಚುತ್ತದೆ, ಅಪ್ಪ. ಹೊರಗಿನ ಗಂಟಿನ ಹತ್ತಿರ ಮತ್ತು ಕಿರುಬೆರಳಿನ ಬುಡದಲ್ಲಿ. ಎಣ್ಣೆ ಹಾಕಿದೆ. ಮನೆಯೊಳಗೇ ಓಡಾಡಿದೆ. ಎರಡು ಕಾಲುಚೀಲ ಹಾಕಿದೆ, ಒಂದೂ ಇಲ್ಲದೆ ನೋಡಿದೆ. ಹೋದ ಭಾನುವಾರ ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಕಾಲುಚೀಲ ಕೆಂಪಾಗಿತ್ತು. ಇದನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಬರೆಯದಿದ್ದರೆ ಅಕ್ಟೋಬರಿನಲ್ಲಿ ಎರಡನೇ ದಿನವೇ ನಾನು ವಾಪಸು ಬರಬೇಕಾಗುತ್ತದೆ.

ನಿಮ್ಮ ಮಗಳು


ಏಪ್ರಿಲ್ ೨೨

ಮಗಳೇ,

ನಾನು ಹೊಲಿದ ಬೂಟು ಕಚ್ಚುವುದಿಲ್ಲ. ಇಲ್ಲಿಯವರೆಗೆ ಒಬ್ಬ ಗಿರಾಕಿ ಹಾಗೆ ಹೇಳಿದ್ದಿಲ್ಲ. ನೀನು ನಡೆಯುವ ರೀತಿಯಲ್ಲೇ ಏನೋ ತಪ್ಪಿದೆ. ನೆಟ್ಟಗೆ ಹೆಜ್ಜೆ ಇಡು. ಇಡಲು ಆಗುವುದಿಲ್ಲವಾದರೆ ಮನೆಗೆ ಬಾ.

ಅಪ್ಪ

ಇಷ್ಟೇ ಬರೆದು ಅಂಗಡಿಗೆ ಹೋಗಿ ಕುಳಿತಿದ್ದಾರೆ. ನಿನ್ನ ಅಚ್ಚನ್ನು ಮೊಳೆಯಿಂದ ತೆಗೆಯುತ್ತಾರೆ, ನೋಡುತ್ತಾರೆ, ಮತ್ತೆ ಅಲ್ಲೇ ತಗುಲಿಸುತ್ತಾರೆ. ಏನಾಯಿತು ಅಂತ ಕೇಳಿದರೆ ನನ್ನ ಮೇಲೆ ರೇಗುತ್ತಾರೆ. ನೀನು ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಊಟ ಬಿಡಬೇಡ. — ಅಮ್ಮ


ಜೂನ್ ೩

ಮಗಳೇ,

ಏಪ್ರಿಲಿನಿಂದ ನಿನ್ನ ಕಾಗದವಿಲ್ಲ. ನಾನು ಬರೆದದ್ದಕ್ಕೆ ಬರದಿರುವುದೇ ಸರಿ.

ಮೊನ್ನೆ ಒಬ್ಬ ಹಳೆಯ ಗಿರಾಕಿ ಬಂದಿದ್ದರು, ಪ್ರತಿ ವರ್ಷ ಬೆಟ್ಟಕ್ಕೆ ನಡೆಯುವ ಪೋಸ್ಟ್‌ಮಾಸ್ತರು. ಈಗ ವಯಸ್ಸಾಗಿದೆ. ಹೊಸ ಜೊತೆ ಬೇಕಂತೆ. ನಾನು ಅಭ್ಯಾಸದಂತೆ ಕಾಗದ ಹಾಸಿ, "ನಿಂತ್ಕೊಳ್ಳಿ ಸ್ವಾಮಿ" ಎಂದೆ. ಅವರು ನಕ್ಕು, "ನನ್ನ ಅಚ್ಚು ನಿಮ್ಮ ಹತ್ರ ಇದೆಯಲ್ಲ, ಮತ್ತೆ ಯಾಕೆ ಅಳತೆ?" ಎಂದರು. ನಾನು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ: "ಕಾಲು ಹೋದ ವರ್ಷದ ಹಾಗೇ ಇರಲ್ಲ ಸ್ವಾಮಿ. ಪ್ರತಿ ಸಲ ಹೊಸದಾಗಿ ನೋಡ್ಬೇಕು."

ಹೇಳಿದೆ, ಅಲ್ಲೇ ಪೆನ್ಸಿಲು ಹಿಡಿದುಕೊಂಡು ಕುಳಿತುಬಿಟ್ಟೆ. ಪೋಸ್ಟ್‌ಮಾಸ್ತರು ಒಂಟಿ ಕಾಲಿನ ಕೊಕ್ಕರೆಯ ಹಾಗೆ ನಿಂತೇ ಇದ್ದರು, ಕೊನೆಗೆ ನಿಮ್ಮಮ್ಮ ಬಂದು ಅವರಿಗೆ ಕುರ್ಚಿ ಕೊಟ್ಟಳು.

ಎಲ್ಲ ಗಿರಾಕಿಗಳಿಗೂ ಮಾಡುವುದನ್ನು ನಾನು ನಿನಗೆ ಮಾಡಲಿಲ್ಲ. ಮರೆತು ಹೀಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಅಳತೆ ತೆಗೆಯಬೇಕಾದರೆ ನಿನ್ನ ಕಾಲನ್ನು ನೋಡಬೇಕಿತ್ತು. ನೀನು ಇಲ್ಲಿ ಮಲಗಿದ್ದಷ್ಟು ತಿಂಗಳೂ ಗಂಜಿ ತಂದುಕೊಟ್ಟೆ, ಔಷಧಿ ಕೊಟ್ಟೆ, ಕಂಬಳಿ ಹೊದಿಸಿದೆ. ಕಂಬಳಿಯ ಕೆಳಗಿನ ಕಾಲನ್ನು ಒಂದು ದಿನವೂ ಕಣ್ಣೆತ್ತಿ ನೋಡಲಿಲ್ಲ. ಜನರ ಕಾಲು ನೋಡಿಯೇ ಅನ್ನ ತಿಂದವನು ನಾನು. ನಿನ್ನದನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಆ ಬೂಟು ನಿನ್ನ ಹಳೆಯ ಕಾಲಿಗೆ ಸರಿಯಾಗಿದೆ. ಬೀಳುವ ಮುಂಚಿನ ಹುಡುಗಿಗೆ ಹೊಲಿದೆ, ಈಗಿನ ಹುಡುಗಿಗೆ ಕಳಿಸಿದೆ. ಕಚ್ಚದೆ ಇನ್ನೇನು ಮಾಡೀತು?

ಇನ್ನೂ ಸಮಯವಿದೆ. ಒಂದು ದೊಡ್ಡ ಕಾಗದದ ಮೇಲೆ ಬರಿಗಾಲಿನಲ್ಲಿ, ಪೂರ್ತಿ ಭಾರ ಹಾಕಿ ನಿಲ್ಲು. ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸು. ಎರಡೂ ಕಾಲಿನದು ಬೇಕು.

ಅಪ್ಪ


ಜೂನ್ ೧೪

ಅಪ್ಪ,

ಇದನ್ನು ನಿಮಗೆ ನನ್ನ ಎಡಗಾಲಿನ ಒಳಗೆ ಕುಳಿತು ಬರೆಯುತ್ತಿದ್ದೇನೆ. ಗೆರೆ ಎಳೆದ ಮೇಲೆ ನೋಡಿದರೆ ಒಳಗೆ ಇಷ್ಟು ಜಾಗ ಖಾಲಿ ಇತ್ತು, ಇನ್ನೊಂದು ಹಾಳೆ ಯಾಕೆ ದಂಡ ಮಾಡಲಿ? ಈ ಸಾಲು ಹೆಬ್ಬೆರಳಿನಲ್ಲಿದೆ.

ನಿಮ್ಮ ಕಾಗದವನ್ನು ಮೊದಲ ಸಲ ಓದಿ ಅತ್ತೆ. ಎರಡನೇ ಸಲ ಓದುವಾಗ ಪೋಸ್ಟ್‌ಮಾಸ್ತರು ನೆನಪಾಗಿ ನಕ್ಕೆ. ಮೂರನೇ ಸಲ ಓದಿ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ.

ನೋಡಿ, ಈ ಸಾಲು ಬರುವ ಕಡೆ ಪಾದ ಚಪ್ಪಟೆಯಾಗಿದೆ. ಮೊದಲು ಇಲ್ಲೊಂದು ಕಮಾನು ಇತ್ತು. ಇಲ್ಲಿ, ಹೊರಗಡೆ, ಗಂಟು ಉಬ್ಬಿದೆ. ಹಿಮ್ಮಡಿಯ ಹತ್ತಿರ ಬಂದೆ. ಜಾಗ ಮುಗಿಯಿತು.

ನಿಮ್ಮ ಮಗಳು


ಜೂನ್ ೨೫

ಮಗಳೇ,

ಅಳತೆಯೊಳಗೆ ಕಥೆ ಬರೆದು ಕಳಿಸಿದ ಗಿರಾಕಿ ನೀನೊಬ್ಬಳೇ. ಓದಿದೆ. ಎಷ್ಟು ಸಲ ಅಂತ ಹೇಳುವುದಿಲ್ಲ.

ಆದರೆ ಇದು ನಡೆಯುವುದಿಲ್ಲ. ಈ ಗೆರೆಯನ್ನು ನೀನೇ ಎಳೆದುಕೊಂಡಿದ್ದೀಯ, ಅಲ್ಲವೇ? ಬಗ್ಗಿದರೆ ಭಾರವೆಲ್ಲ ಬೆರಳಿಗೆ ಬರುತ್ತದೆ, ಹಿಮ್ಮಡಿ ಹಗುರಾಗುತ್ತದೆ, ಪಾದ ತನ್ನ ಆಕಾರವನ್ನೇ ಬಿಟ್ಟುಕೊಡುತ್ತದೆ. ಎಷ್ಟೇ ಜಾಣರಾದರೂ ತಮ್ಮ ಕಾಲನ್ನು ತಾವೇ ಬರೆದುಕೊಳ್ಳಲು ಆಗುವುದಿಲ್ಲ. ನೀನು ನೆಟ್ಟಗೆ ಎದುರಿನ ಗೋಡೆ ನೋಡುತ್ತ ನಿಲ್ಲಬೇಕು, ಇನ್ನೊಬ್ಬರು ಕೆಳಗೆ ಕುಳಿತು ಗೆರೆ ಎಳೆಯಬೇಕು.

ಯಾರನ್ನಾದರೂ ಕೇಳು. ನಾನೇ ಹೊರಟು ಬರುತ್ತೇನೆ ಎಂದರೆ ಹಂಗಾಮಿನ ಕೆಲಸ ಕುತ್ತಿಗೆಯವರೆಗೆ ಬಂದಿದೆ.

ಅಪ್ಪ

ಯಾರನ್ನೂ ಕೇಳುವ ಜಾತಿಯಲ್ಲ ನೀನು, ನನಗೆ ಗೊತ್ತು. ಇವರ ಮಗಳು ತಾನೇ. ಆದರೂ ಕೇಳು. — ಅಮ್ಮ


ಜುಲೈ ೧೨

ಅಪ್ಪ,

ಹತ್ತು ದಿನ ಯಾರನ್ನೂ ಕೇಳಲಿಲ್ಲ. ಯಾರನ್ನು ಕೇಳಲಿ? ಬಿದ್ದ ಮೇಲೆ ಈ ಊರಿನಲ್ಲಿ ಒಬ್ಬರೂ ನನ್ನ ಬರಿಗಾಲು ನೋಡಿಲ್ಲ. ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡೇ ಕೂರುತ್ತೇನೆ. ನೀವು ನೋಡಲಿಲ್ಲ ಅಂತ ಬರೆದಿರಿ. ನಾನೂ ಯಾರಿಗೂ ತೋರಿಸಲಿಲ್ಲ. ಲೆಕ್ಕ ಸರಿಹೋಯಿತು, ಆ ಮಾತು ಇನ್ನು ಬಿಡಿ.

ನಿನ್ನೆ ಊಟದ ಹೊತ್ತಿಗೆ ಮೇಸ್ತ್ರಿಯ ಮುಂದೆ ಹೋಗಿ ನಿಂತೆ. "ಒಂದು ಗೆರೆ ಎಳೀಬೇಕಿತ್ತು" ಎಂದೆ. "ಯಾವ ಬೋರ್ಡು?" ಎಂದರು. ನಾನು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ. ಎಲ್ಲರ ಕುಂಚವೂ ನಿಂತಿತು. ರೇಡಿಯೋ ಒಂದೇ ಏನೋ ಮಾರುತ್ತಿತ್ತು.

ಮೇಸ್ತ್ರಿ ಕನ್ನಡಕ ಹುಡುಕಿದರು, ಅದು ಅವರ ಹಣೆಯ ಮೇಲೇ ಇತ್ತು. ನೆಲಕ್ಕೆ ಮಂಡಿಯೂರಿ ಕುಳಿತರು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿದರು. ನನ್ನ ಕಾಲು ಹೇಗಿದೆ, ಏನಾಗಿದೆ, ಒಂದು ಮಾತಿಲ್ಲ. "ಅಲುಗಾಡ್ಬೇಡ. ಗೆರೆ ಕೆಟ್ರೆ ನಿಂದೇ ತಪ್ಪು" ಎಂದು ರೇಗಿದರು. ಅಪ್ಪ, ಎರಡು ವರ್ಷದ ಮೇಲೆ ಯಾರೋ ನನ್ನ ಮೇಲೆ ರೇಗಿದರು! ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು, ಆದರೆ ಗೆರೆ ಕೆಡುತ್ತಿತ್ತು.

ಬೋರ್ಡು ಬರೆಯುವವರ ಕೈ ನೋಡಿ, ಹಿಮ್ಮಡಿಯಿಂದ ಹಿಮ್ಮಡಿಗೆ ಒಂದೇ ಎಳೆತ. ಅದಾದ ಮೇಲೆ ಎಲ್ಲರಿಗೂ ತಮ್ಮ ಕಾಲು ಹೇಗಿದೆ ಅಂತ ನೋಡುವ ಆಸೆ ಹುಟ್ಟಿತು. ಈಗ ನಮ್ಮ ವರ್ಕ್‌ಶಾಪಿನ ಗೋಡೆಯ ತುಂಬ ಕಾಲುಗಳಿವೆ. ಮೇಸ್ತ್ರಿಯ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ.

ನಾನು ಯಾತ್ರೆಯ ವಿಷಯ ಹೇಳಿದೆ. "ನಡೆದು ಬಾ. ಆಮೇಲೆ ಏಣಿ ಮಾತು" ಎಂದರು. ಸ್ಟೂಲಿನ ಮೆತ್ತೆಯನ್ನು ನಾನೇ ತೆಗೆದು ಅವರ ಕುರ್ಚಿಗೆ ಹಾಕಿದೆ.

ಎರಡೂ ಕಾಲು ಲಗತ್ತಿಸಿದ್ದೇನೆ.

ನಿಮ್ಮ ಮಗಳು


ಆಗಸ್ಟ್ ೨೯

ಮಗಳೇ,

ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೆ ಬೋರ್ಡಿನ ಕೆಲಸ ಬೇಸರವಾದರೆ ನನ್ನ ಹತ್ತಿರ ಬರಲಿ, ಅಳತೆಗೆ ಕೂರಿಸಿಕೊಳ್ಳುತ್ತೇನೆ.

ಹೊಸ ಅಚ್ಚು ಕೆತ್ತಿದೆ. ಎಡಗಾಲಿನದು ಮೂರು ಸಲ ಕೆಟ್ಟಿತು. ಕೈ ತಾನಾಗಿ ಹಳೆಯ ಆಕಾರಕ್ಕೇ ಹೋಗುತ್ತಿತ್ತು. ಪ್ರತಿ ಸಲ ನಿನ್ನ ಗೆರೆಯ ಮೇಲಿಟ್ಟು ನೋಡಿ, ಮತ್ತೆ ಕುಳಿತೆ. ಈಗ ಆ ಗಂಟು ಎಲ್ಲಿದೆ, ಪಾದ ಎಲ್ಲಿ ನೆಲ ಮುಟ್ಟುತ್ತದೆ, ಎಲ್ಲ ನನ್ನ ಬೆರಳಿಗೆ ಬಂದಿದೆ. ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ. ಒಳ್ಳೆಯ ಕಾಲು ಅದು. ಗಟ್ಟಿ ಕಾಲು. ನೋಡದೆ ಹೆದರಿದ್ದೆ.

ಬಾಗಿಲ ಪಕ್ಕದ ಮೊಳೆಯಲ್ಲಿ ಈಗ ಹೊಸದು ತೂಗುತ್ತಿದೆ. ಹಳೆಯದನ್ನು ಒಲೆಗೆ ಹಾಕಲು ಮನಸ್ಸಾಗಲಿಲ್ಲ. ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ದೇವೆ.

ಈ ಸಲ ಅಟ್ಟೆಯ ದಪ್ಪವನ್ನು ಒಳಗೆ ಮುಚ್ಚಿಟ್ಟಿಲ್ಲ. ಹೊರಗೇ ಇದೆ, ನೋಡಿದವರಿಗೆಲ್ಲ ಕಾಣುತ್ತದೆ. ಕಾಣಲಿ. ನಿಮ್ಮಮ್ಮ ಅದರ ಅಂಚಿಗೆ ಹಳದಿ ದಾರದ ಹೊಲಿಗೆ ಹಾಕಿದ್ದಾಳೆ.

ಕೆಂಪು ಮಣ್ಣಿನಲ್ಲಿ ಪ್ರತಿ ಸಂಜೆ ಹೊಲಿಗೆಯನ್ನು ಬ್ರಶ್ಶಿನಿಂದ ಉಜ್ಜು. ಜಲ್ಲಿಯಲ್ಲಿ ದಾರವನ್ನು ಬಿಗಿಯಾಗಿ ಕಟ್ಟು. ಇಳಿಜಾರಿನಲ್ಲಿ ಹುಷಾರು. ಬೇಡ ಎಂದರೆ ನೀನು ಕೇಳುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಹೋಗಿ ಬಾ.

ಅಪ್ಪ


ಅಕ್ಟೋಬರ್ ೧೯
ಯಾತ್ರೆಯ ದಾರಿಯ ಒಂದು ತಂಗುಮನೆಯಿಂದ

ಅಪ್ಪ, ಅಮ್ಮ,

ಅರ್ಧ ದಾರಿ ದಾಟಿದೆ. ಎಡಗಾಲಿಗೆ ಒಂದು ಗುಳ್ಳೆ ಇಲ್ಲ. ಇಷ್ಟು ದಿನ ರಾಜಕುಮಾರನ ಹಾಗೆ ಮೆರೆಯುತ್ತಿದ್ದ ಬಲಗಾಲು ಈಗ ಬೆಳಿಗ್ಗೆ ಸಂಜೆ ಗೊಣಗುತ್ತದೆ. ಸೋಮಾರಿ.

ಬೂಟಿನ ಹಳದಿ ಹೊಲಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. "ಒಂದು ಅಟ್ಟೆ ದಪ್ಪ ಯಾಕೆ?" ಎಂದು ಕೇಳುತ್ತಾರೆ. "ಒಂದು ಕಾಲು ಗಿಡ್ಡ, ಅದಕ್ಕೆ" ಎನ್ನುತ್ತೇನೆ. ಹೇಳಿದ ಮೇಲೆ ಅವರೂ ತಮ್ಮ ಮಂಡಿ ನೋವು, ಸೊಂಟ ನೋವು ಎಲ್ಲ ಬಿಚ್ಚುತ್ತಾರೆ. ಇಲ್ಲಿ ಪೂರ್ತಿ ನೆಟ್ಟಗಿರುವವರನ್ನು ನಾನಿನ್ನೂ ನೋಡಿಲ್ಲ. ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಹೊರಡುತ್ತಾರೆ, ಮಧ್ಯಾಹ್ನ ನಾನು ಅವರನ್ನು ದಾಟುತ್ತೇನೆ, ಸಂಜೆ ತಂಗುಮನೆಗೆ ಬಂದರೆ ಅವರೇ ಮೊದಲು ಬಂದು ಕಾಫಿ ಕುಡಿಯುತ್ತಿರುತ್ತಾರೆ. ಹೇಗೆ ಅಂತ ಕೇಳಿದರೆ ಹೇಳುವುದಿಲ್ಲ.

ಆ ಇಳಿಜಾರು ಬಂತು, ಹೋಯಿತು. ಅದರ ಬಗ್ಗೆ ಏನೂ ಬರೆಯುವುದಿಲ್ಲ. ಊಟ ಚೆನ್ನಾಗಿದೆ. ನಿದ್ದೆ ಚೆನ್ನಾಗಿದೆ.

ನಿಮ್ಮ ಮಗಳು


ನವೆಂಬರ್ ೮
ಬೆಟ್ಟದ ಮೇಲಿನಿಂದ

ಅಪ್ಪ! ಅಮ್ಮ!

ಬಂದುಬಿಟ್ಟೆ. ಪೂರ್ತಿ. ಒಂದು ಹೆಜ್ಜೆಯನ್ನೂ ಗಾಡಿಗೆ ಕೊಡದೆ.

ಕೊನೆಯ ಏರಿನಲ್ಲಿ ನನ್ನ ಉಸಿರು ನನಗೇ ಗರಗಸದ ಹಾಗೆ ಕೇಳುತ್ತಿತ್ತು. ಗಾಳಿ ಎದುರಿನಿಂದ ತಳ್ಳುತ್ತಿತ್ತು. ಆ ಅಜ್ಜಿ ಎಂದಿನಂತೆ ಮುಂದೆ ಹೋಗಿ ಬಾಗಿಲ ಹತ್ತಿರ ಕುಳಿತಿದ್ದರು. ನಾನು ಮೇಲೆ ಬಂದದ್ದನ್ನು ನೋಡಿ ಎದ್ದು ನಿಂತು, "ಬಂದ್ಲು ನೋಡ್ರೋ, ಹಳದಿ ಬೂಟಿನವಳು ಬಂದ್ಲು!" ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ದಾರಿಯಲ್ಲಿ ಸಿಕ್ಕಿದ್ದವರು, ಸಿಗದವರು, ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಊರಿಕೊಂಡು ಬಂದಿದ್ದ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ.

ಬಾಗಿಲು ತೆರೆದೇ ಇತ್ತು.

ಒಳಗೆ ಹೋಗಿ ಏನು ಕೇಳಿದೆ ಅಂತ ಅಮ್ಮ ಕೇಳುತ್ತಾಳೆ. ಏನೂ ಕೇಳಲಿಲ್ಲ ಅಮ್ಮ. "ಹೇಳಿದ್ದೆನಲ್ಲ, ಬಂದೆ" ಎಂದೆ. ಆಮೇಲೆ ನಗು ಬಂತು, ನಿಲ್ಲಿಸಲು ಆಗಲಿಲ್ಲ, ಹೊರಗೆ ಬಂದು ನಕ್ಕೆ. ಇಲ್ಲಿಂದ ನೋಡಿದರೆ ನಾನು ನಡೆದು ಬಂದ ಬಯಲೆಲ್ಲ ಒಂದು ಹಾಸಿಗೆಯ ಹಾಗೆ ಕಾಣುತ್ತದೆ. ಅದನ್ನೆಲ್ಲ ಈ ಕಾಲು ದಾಟಿದೆ. ಈ ಕಾಲು!

ಕೆಳಗೆ ಬಸ್ಸಿನಲ್ಲಿ ಹೋಗುತ್ತೇನೆ, ಇಳಿಯುವುದು ಕೊಟ್ಟ ಮಾತಿನಲ್ಲಿಲ್ಲ. ಬೂಟನ್ನು ಇಲ್ಲಿಂದಲೇ ಪಾರ್ಸೆಲ್ ಮಾಡಿದ್ದೇನೆ, ತೊಳೆದಿಲ್ಲ, ಒರೆಸಿಲ್ಲ. ಚಪ್ಪಲಿ ಹಾಕಿಕೊಂಡು ಊರಿಗೆ ಹೋಗುತ್ತೇನೆ, ಬರಿಗಾಲು ಕಾಣುವ ಚಪ್ಪಲಿ. ಸೋಮವಾರ ಮೇಸ್ತ್ರಿ ಏಣಿ ಹಿಡಿಯುತ್ತಾರಂತೆ.

ಅಪ್ಪ, ಅಟ್ಟೆ ನೋಡಿ. ನನಗಿಂತ ಚೆನ್ನಾಗಿ ಅದು ಹೇಳುತ್ತದೆ.

ನಿಮ್ಮ ಮಗಳು


ನವೆಂಬರ್ ೨೪

ಬುಗುರಿ,

ಪಾರ್ಸೆಲ್ ಬಂದಾಗ ಅಂಗಡಿಯಲ್ಲಿ ಪೋಸ್ಟ್‌ಮಾಸ್ತರೂ ಇದ್ದರು. ಬಾಗಿಲ ಹತ್ತಿರ ಬೆಳಕಿಗೆ ತಂದು ಎರಡೂ ಬೂಟುಗಳನ್ನು ಬೋರಲು ಹಾಕಿದೆ. ನಿಮ್ಮಮ್ಮ ಮೆಷಿನ್ನು ನಿಲ್ಲಿಸಿ ಎದ್ದು ಬಂದಳು.

ಕೆಂಪು ಮಣ್ಣು ಸಂದಿಯಲ್ಲಿ ಹಾಗೇ ಇದೆ, ಬ್ರಶ್ಶು ಹಾಕು ಎಂದದ್ದನ್ನು ನೀನು ಕೇಳಿಲ್ಲ. ಜಲ್ಲಿಯ ಗುರುತು ಇದೆ. ಎಡದ ಹಿಮ್ಮಡಿಯ ಹೊರ ಅಂಚಿನಲ್ಲಿ ಆಳವಾದ ಗೀರುಗಳಿವೆ, ಒಂದೇ ದಿಕ್ಕಿಗೆ. ಅದು ಆ ಇಳಿಜಾರು. ನೀನು ಅಲ್ಲಿ ಜಾರಿದ್ದೀಯ. ಒಂದು ಸಲವಲ್ಲ. ಕುಳಿತು ತೆವಳಿಕೊಂಡೂ ಇಳಿದಿದ್ದೀಯ, ಹಿಂಬದಿಯ ಚರ್ಮ ಉಜ್ಜಿ ಹೋಗಿದೆ. ನೀನು ಅದರ ಬಗ್ಗೆ ಬರೆಯದಿದ್ದದ್ದಕ್ಕೆ ನಾನು ಬೈಯುವುದಿಲ್ಲ. ಯಾಕೆಂದರೆ ಆ ಗೀರುಗಳ ಅಂಚೆಲ್ಲ ಸವೆದು ನುಣುಪಾಗಿದೆ. ಬಿದ್ದ ಮೇಲೆ ಎದ್ದು ಅಷ್ಟು ನಡೆದರೆ ಮಾತ್ರ ಹಾಗೆ ನುಣುಪಾಗುತ್ತದೆ.

ಇನ್ನೊಂದು ಹೇಳುತ್ತೇನೆ. ನಲವತ್ತು ವರ್ಷದಲ್ಲಿ ಎಷ್ಟೋ ಯಾತ್ರಿಕರ ಅಟ್ಟೆ ನೋಡಿದ್ದೇನೆ. ಒಬ್ಬರಿಗೆ ಎಡ ಸವೆದಿರುತ್ತದೆ, ಒಬ್ಬರಿಗೆ ಬಲ. ನಿನ್ನವು ಎರಡೂ ಸಮನಾಗಿ ಸವೆದಿವೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ, ಪೋಸ್ಟ್‌ಮಾಸ್ತರ ಕೈಗೆ ಕೊಡುವ ಬದಲು ಮೊದಲು ನಿಮ್ಮಮ್ಮನ ಕೈಗೆ ಕೊಟ್ಟೆ. ಅವಳು ಎರಡರ ಮೇಲೂ ಬೆರಳಾಡಿಸಿ, "ಸಮ ಇದೆ ಕಣ್ರೀ" ಎಂದಳು. ಆಮೇಲೆ ನಾವಿಬ್ಬರೂ ಅತ್ತೆವು, ಪೋಸ್ಟ್‌ಮಾಸ್ತರು ಬೀದಿಯ ಕಡೆ ತಿರುಗಿ ಕುಳಿತರು.

ಈ ಬೂಟಿಗೆ ಹೊಸ ಅಟ್ಟೆ ಹಾಕುವುದಿಲ್ಲ. ಅಂಗಡಿಯ ಕಿಟಕಿಯಲ್ಲಿ ಬೋರಲು ಇಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ನಿನಗೆ ಬೇರೆ ಜೊತೆ ಹೊಲಿಯುತ್ತಿದ್ದೇನೆ, ಏಣಿ ಹತ್ತಲು ತೆಳು ಅಟ್ಟೆಯದು.

ಮುಂದಿನ ಅಕ್ಟೋಬರಿನಲ್ಲಿ ಅಂಗಡಿಗೆ ಬೀಗ. ಗಿರಾಕಿಗಳಿಗೆ ಈಗಲೇ ಹೇಳಿಬಿಟ್ಟಿದ್ದೇನೆ. ಅಟ್ಟೆಯಲ್ಲಿ ಕಂಡ ದಾರಿಯನ್ನು ಒಂದು ಸಲ ಕಣ್ಣಿಂದಲೂ ಕಾಣಬೇಕು. ಆ ಇಳಿಜಾರನ್ನು ನೀನೇ ದಾಟಿಸಬೇಕು.

ಬೂಟು ಹೊಲಿದುಕೊಳ್ಳೋಣ ಎಂದು ನನ್ನ ಅಚ್ಚು ಹುಡುಕಿದೆ. ಅದು ನನ್ನ ಮದುವೆಯ ಕಾಲದ್ದು. ಆ ಕಾಲು ಈಗ ಎಲ್ಲಿದೆ? ಹೊಸ ಅಳತೆ ಬೇಕು. ನನ್ನ ಕಾಲನ್ನು ನಾನೇ ಬರೆದುಕೊಳ್ಳಲು ಆಗುವುದಿಲ್ಲ. ಏಣಿಯಿಂದ ಇಳಿದು ನಾಲ್ಕು ದಿನ ಬಿಡುವು ಮಾಡಿಕೊಂಡು ಬಾ. ಕಾಗದ ಹಾಸಿ, ಪೆನ್ಸಿಲು ಚೂಪು ಮಾಡಿ ಇಟ್ಟಿದ್ದೇನೆ.

ಅಪ್ಪ

ಎರಡು ಕಾಗದ ಹಾಸಿದ್ದಾರೆ. ಒಂದು ನನ್ನದು. — ಅಮ್ಮ